ಬೀಟಾ ಹಾಕುವವರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಹೈದರಾಬಾದಿನಲ್ಲಿರುವ ಕನ್ನಡದವರಿಗೆ. ಮಾಧಾಪುರ, ಗಚ್ಚಿಬೌಲಿಯ ಕಂಪನಿಗಳಲ್ಲಿ ದುಡಿಯುವವರು, ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಅಮೀರ್‌ಪೇಟೆಯ ಹಾಸ್ಟೆಲುಗಳಲ್ಲಿದ್ದು ಕೋರ್ಸು ಮಾಡುತ್ತಿರುವವರು, ಕಾಚಿಗುಡ ಸುತ್ತಲಿನ ಹಳೆಯ ಕನ್ನಡ ಮನೆಗಳ ಹುಡುಗ ಹುಡುಗಿಯರು, ಎಲ್ಲರಿಗೂ. ಹೊಸ ಆಂಡ್ರಾಯ್ಡ್ ಅಥವಾ ಹೊಸ ಐಒಎಸ್ ಪೂರ್ತಿ ತಯಾರಾಗುವ ಮೊದಲೇ ಅದರ ಬೀಟಾ ಹಾಕಿಕೊಳ್ಳುವುದು, ಆಮೇಲೆ ಫೋನ್ ಹ್ಯಾಂಗ್ ಆಗುತ್ತಿದೆ, ಕೈ ಸುಡುತ್ತಿದೆ, ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ ಎಂದು ಗೋಳಾಡುವುದು ಈಗ ಪ್ರತಿ ವರ್ಷದ ಸಂಪ್ರದಾಯ. ಗೋಳಾಟ ಕಡಿಮೆಯಾಗಲಿ ಎಂದು ಇಷ್ಟು ಬರೆದಿದೆ. ಉಳಿದವನ್ನು ಪಾಲಿಸುವುದು ಬಿಡುವುದು ನಿಮಗೆ ಸೇರಿದ್ದು. ಮೊದಲನೆಯದನ್ನಂತೂ ಪಾಲಿಸಲೇಬೇಕು.

ಇರುವುದು ಒಂದೇ ಫೋನೇ? ಬೀಟಾ ಹಾಕಕೂಡದು

ಇದಕ್ಕೆ ರಿಯಾಯಿತಿ ಇಲ್ಲ. ಇಂದು ನಿಮ್ಮ ಜೇಬಿನ ಫೋನೇ ನಿಮ್ಮ ದುಡ್ಡಿನ ಚೀಲ, ಬ್ಯಾಂಕಿನ ಓಟಿಪಿ, ಬೈಕ್ ಟ್ಯಾಕ್ಸಿ, ಮೆಟ್ರೊ ಟಿಕೆಟ್. ಹೈದರಾಬಾದ್ ಮೆಟ್ರೊದಲ್ಲಿ 2022ರಿಂದ ವಾಟ್ಸಾಪಿನಲ್ಲೇ ಟಿಕೆಟ್ ಸಿಗುತ್ತದೆ. ಅಮೀರ್‌ಪೇಟೆ ಜಂಕ್ಷನ್ನಿನ ಗೇಟಿನ ಮುಂದೆ ಬೆಳಗಿನ ಒಂಬತ್ತು ಗಂಟೆಗೆ ಕ್ಯೂಆರ್ ತೆರೆಯದೆ ಪರದೆ ಕಪ್ಪಗಾಗಿ ನಿಂತರೆ, ನಿಮ್ಮ ಹಿಂದಿರುವ ಜನ ಯಾವ ಭಾಷೆಯಲ್ಲಿ ಏನು ಹೇಳುತ್ತಾರೆ ಎಂದು ಇಲ್ಲಿ ಬರೆಯುವ ಅಗತ್ಯವಿಲ್ಲ.

ಇದೇ ಊರಿನಲ್ಲಿ ಇಂಥ ಪರೀಕ್ಷೆ ಎಷ್ಟೋ ಜನರಿಗೆ ಸಂಬಳದ ಕೆಲಸ. ಒನ್‌ಪ್ಲಸ್ ಕಂಪನಿ 2019ರ ಆಗಸ್ಟ್‌ನಲ್ಲಿ ನಾನಕ್‌ರಾಮ್‌ಗುಡದಲ್ಲಿ ಸಂಶೋಧನಾ ಕೇಂದ್ರ ತೆರೆದು, ಮೂರು ವರ್ಷದಲ್ಲಿ ಅದಕ್ಕೆ 1,000 ಕೋಟಿ ರೂಪಾಯಿ ಹಾಕುವುದಾಗಿ ಹೇಳಿತ್ತು. ಕ್ಯಾಮೆರಾಕ್ಕೊಂದು, ನೆಟ್‌ವರ್ಕಿಗೊಂದು ಪ್ರಯೋಗಾಲಯ ಅಲ್ಲಿವೆ. ಗೂಗಲ್, ಮೈಕ್ರೋಸಾಫ್ಟ್, ಕ್ವಾಲ್ಕಾಮ್‌ಗಳ ದೊಡ್ಡ ಕಚೇರಿಗಳು ಇಲ್ಲೇ. ಆಪಲ್ ತನ್ನ ನಕಾಶೆಯ ಕೆಲಸಕ್ಕೆ 2016ರಲ್ಲಿ ಈ ಊರನ್ನೇ ಆರಿಸಿಕೊಂಡಿತು. ಸಂಬಳ ತೆಗೆದುಕೊಂಡು ಪರೀಕ್ಷಿಸುವವರ ಮೇಜಿನ ಮೇಲೆ ಅದಕ್ಕೆಂದೇ ಫೋನುಗಳಿರುತ್ತವೆ. ಅವು ಕೆಟ್ಟರೆ ಯಾರ ಮನೆ ಬಾಡಿಗೆಯೂ ನಿಲ್ಲುವುದಿಲ್ಲ. ಬಿಟ್ಟಿಯಾಗಿ ಅದೇ ಕೆಲಸಕ್ಕೆ ಇಳಿಯುವ ನೀವು ಮಾತ್ರ ಇರುವ ಒಂದು ಫೋನನ್ನೇ ಒಡ್ಡುತ್ತೀರಿ.

ಮಾಡಬೇಕಾದ್ದು: ಡ್ರಾಯರಿನಲ್ಲಿ ಬಿದ್ದಿರುವ ಎರಡು ಮೂರು ವರ್ಷ ಹಳೆಯ ಫೋನ್ ಬೀಟಾ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಅದಕ್ಕೆ ಹಾಕಿ, ವೈಫೈಗೆ ಜೋಡಿಸಿ, ಮನಸಾರೆ ಆಡಿ. ಹೊಸತು ನೋಡುವ ಚಪಲ ತೀರುತ್ತದೆ, ಮೆಟ್ರೊವೂ ತಪ್ಪುವುದಿಲ್ಲ.

ಯಾಕೆ ಹಾಕುತ್ತಿದ್ದೇನೆ ಎಂದು ಒಂದು ಸಾಲು ಬರೆದಿಡಿ

ಬರೆಯಲು ಏನೂ ಹೊಳೆಯದಿದ್ದರೆ ಹಾಕಬೇಡಿ. ಗೆಳೆಯ ಹಾಕಿದ್ದಾನೆ ಎನ್ನುವುದು ಕಾರಣವಲ್ಲ. ಹೊಸ ಐಕಾನ್ ಚೆಂದ ಕಾಣುತ್ತದೆ ಎನ್ನುವುದೂ ಅಲ್ಲ.

ನಿಜವಾದ ಕಾರಣ ಇದ್ದ ಸಂದರ್ಭವೂ ಈ ಊರಿನದೇ. 2022ರ ಅಕ್ಟೋಬರ್ 6ರಂದು ಏರ್‌ಟೆಲ್ 5ಜಿ ಶುರುಮಾಡಿದ ಎಂಟು ಊರುಗಳಲ್ಲಿ ಹೈದರಾಬಾದ್ ಒಂದು. ನವೆಂಬರ್ 10ಕ್ಕೆ ಜಿಯೊ ಕೂಡ ಬೆಂಗಳೂರು, ಹೈದರಾಬಾದಿಗೆ ಬಂತು. ಟವರ್ ಇತ್ತು, 5ಜಿ ಹಿಡಿಯಬಲ್ಲ ಐಫೋನ್ ಕೈಯಲ್ಲಿತ್ತು, ಎರಡನ್ನೂ ಕೂಡಿಸುವ ಸಾಫ್ಟ್‌ವೇರ್ ಮಾತ್ರ ಇರಲಿಲ್ಲ. ನವೆಂಬರಿನಲ್ಲಿ ಆಪಲ್ ಅದನ್ನು ಐಒಎಸ್ 16.2ರ ಬೀಟಾದಲ್ಲಿ ಮೊದಲು ಕೊಟ್ಟಿತು. ಬಾಗಿಲ ಹತ್ತಿರದ 5ಜಿ ಇವತ್ತೇ ಬೇಕು ಎಂದವರು ಬೀಟಾ ಹಾಕಿದರು. ಎಲ್ಲರಿಗೂ ಸಿಗುವ 16.2 ಬಂದದ್ದು ಡಿಸೆಂಬರ್ 13ಕ್ಕೆ. ಅಂದರೆ ಕಾದು ಕೂತವರು ಕಳೆದುಕೊಂಡದ್ದು ಸುಮಾರು ಐದು ವಾರದ ವೇಗ, ಅಷ್ಟೆ. ಆ ಐದು ವಾರ ನಿಮಗೆ ಎಷ್ಟು ಬೆಲೆಯದು ಎಂಬ ಲೆಕ್ಕವನ್ನು ಪ್ರತಿ ಬೀಟಾದ ಮುಂದೆಯೂ ಹಾಕಿ. ನನ್ನ ಲೆಕ್ಕದಲ್ಲಿ ಅದರ ಬೆಲೆ ಯಾವತ್ತೂ ಹೆಚ್ಚು ಬಂದಿಲ್ಲ.

ಇನ್ನೊಂದು ಮಾತು. ಮೊದಲೆಲ್ಲ ಆಪಲ್‌ನ ಡೆವಲಪರ್ ಬೀಟಾ ಬೇಕೆಂದರೆ ವರ್ಷಕ್ಕೆ 99 ಡಾಲರ್ ಕೊಟ್ಟು ಸದಸ್ಯರಾಗಬೇಕಿತ್ತು. 2023ರ ಜೂನ್‌ನಿಂದ ಆಪಲ್ ಖಾತೆ ಇರುವ ಯಾರಿಗಾದರೂ ಅದು ಪುಕ್ಕಟೆ. ಬೇಲಿ ಹೋಯಿತು, ಒಳಗಿನ ಗುಂಡಿ ಹಾಗೇ ಉಳಿಯಿತು. ಡೆವಲಪರ್ ಬೀಟಾ ಬರುವುದು ಜೂನ್‌ನಲ್ಲಿ, ಪಬ್ಲಿಕ್ ಬೀಟಾ ಜುಲೈನಲ್ಲಿ. ಆಪ್ ಬರೆಯುವ ಕೆಲಸ ನಿಮ್ಮದಲ್ಲವಾದರೆ ಜೂನ್‌ನದನ್ನು ಮುಟ್ಟಬೇಡಿ. ಜುಲೈವರೆಗೆ ಕಾಯುವಷ್ಟೂ ತಾಳ್ಮೆ ಇಲ್ಲದವರಿಗೆ ಈ ಸೂಚನೆಯಿಂದ ಉಪಯೋಗವಿಲ್ಲ.

ರಾತ್ರಿ ಹತ್ತೂವರೆಗೆ ಬಂದದ್ದನ್ನು ರಾತ್ರಿಯೇ ಹಾಕಬೇಡಿ

ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಬಿಟ್ಟ ಬೀಟಾ ಅಲ್ಲಿನ ಬೇಸಿಗೆಯ ತಿಂಗಳುಗಳಲ್ಲಿ ನಮ್ಮಲ್ಲಿ ರಾತ್ರಿ ಹತ್ತೂವರೆಗೆ ಬಂದು ಇಳಿಯುತ್ತದೆ. ಊಟ ಮುಗಿದಿರುತ್ತದೆ, ನಿದ್ದೆ ಬಂದಿರುವುದಿಲ್ಲ, ಬೆರಳು ಸುಮ್ಮನಿರುವುದಿಲ್ಲ. ಒತ್ತಿ ಮಲಗಿದವರ ಬೆಳಗಿನ ಅಲಾರಂ ಆ ಬೀಟಾದ ಕೃಪೆಯ ಮೇಲೆ ನಿಂತಿರುತ್ತದೆ.

2018ರ ಆಗಸ್ಟ್ 13ರಂದು ಆಪಲ್ ಐಒಎಸ್ 12ರ ಏಳನೆಯ ಬೀಟಾ ಬಿಟ್ಟಿತು. ಹಾಕಿದವರ ಫೋನಿನಲ್ಲಿ ಆಪ್ ಒತ್ತಿದರೆ ತೆರೆಯುವುದಕ್ಕೇ ಬಹಳ ಹೊತ್ತು ಹಿಡಿಯತೊಡಗಿತು. ಕೆಲವೇ ಗಂಟೆಯಲ್ಲಿ ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಎರಡು ದಿನಕ್ಕೆ ಎಂಟನೆಯದು ಬಂತು. ಗಮನಿಸಿ, ಅದು ಮೊದಲ ಬೀಟಾ ಆಗಿರಲಿಲ್ಲ, ಏಳನೆಯದು. ಅಂತಿಮ ಆವೃತ್ತಿಗೆ ಒಂದು ತಿಂಗಳಷ್ಟೇ ಉಳಿದಿತ್ತು. ಸಂಖ್ಯೆ ದೊಡ್ಡದಾದಷ್ಟೂ ಭದ್ರ ಎಂದು ನಂಬಿದವರು ಆ ರಾತ್ರಿ ಸಿಕ್ಕಿಬಿದ್ದರು.

ಮಾಡಬೇಕಾದ್ದು: ಬೀಟಾ ಬಂದ ಮೇಲೆ ಎರಡು ದಿನ ಸುಮ್ಮನಿರಿ. ಬೇರೆಯವರು ಹಾಕಲಿ. ಕಂಪನಿ ಬೀಟಾದ ಜೊತೆ ಕೊಡುವ ಗೊತ್ತಿರುವ ದೋಷಗಳ ಪಟ್ಟಿ ಓದಿ. ಆ ಪಟ್ಟಿ ಬರೆದವರು ನಿಮ್ಮ ಮೇಲೆ ಕರುಣೆಯಿಂದಲೇ ಬರೆದಿದ್ದಾರೆ, ಆದರೂ ಅದನ್ನು ಓದುವವರು ತೀರ ಕಡಿಮೆ. ಶನಿವಾರ ಬೆಳಗ್ಗೆ, ಬ್ಯಾಕಪ್ ತೆಗೆದು, ವೈಫೈನಲ್ಲಿ, ಚಾರ್ಜರ್ ಹಾಕಿಟ್ಟು ಅಪ್‌ಡೇಟ್ ಮಾಡಿ. ಊರಿಗೆ ಹೊರಡುವ ಹಿಂದಿನ ರಾತ್ರಿ, ಪರೀಕ್ಷೆಯ ಹಿಂದಿನ ರಾತ್ರಿ, ಇಂಟರ್‌ವ್ಯೂ ಹಿಂದಿನ ರಾತ್ರಿ ಕೂಡದು.

ಏಪ್ರಿಲ್, ಮೇ ತಿಂಗಳಲ್ಲಿ ಎರಡು ಪಟ್ಟು ಎಚ್ಚರ

ಆಂಡ್ರಾಯ್ಡ್ ಬೀಟಾದ ಕಾಲಕ್ಕೂ ಹೈದರಾಬಾದಿನ ಬಿಸಿಲಿನ ಕಾಲಕ್ಕೂ ಒಳ್ಳೆಯ ನಂಟಿದೆ. ಆಂಡ್ರಾಯ್ಡ್ 15ರ ಮೊದಲ ಬೀಟಾ 2024ರ ಏಪ್ರಿಲ್‌ನಲ್ಲಿ ಬಂತು. ಆಂಡ್ರಾಯ್ಡ್ 16ರದ್ದು 2025ರ ಜನವರಿಯಲ್ಲಿ ಶುರುವಾಗಿ, ಜೂನ್ 10ಕ್ಕೆ ಅಂತಿಮ ಆವೃತ್ತಿ ಬರುವವರೆಗೆ ಬೇಸಿಗೆಯುದ್ದಕ್ಕೂ ನಡೆಯಿತು. ಆಪಲ್ ತನ್ನ ಫೋನನ್ನು ಸೊನ್ನೆಯಿಂದ 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಿ ಎನ್ನುತ್ತದೆ. ಮೇ ತಿಂಗಳ ಮಧ್ಯಾಹ್ನ ಕೂಕಟ್‌ಪಲ್ಲಿ ರಸ್ತೆಯಲ್ಲಿ 40 ದಾಟುತ್ತದೆ. ಫೋನ್ ಹೊರಗಿನಿಂದಲೇ ಕಾದಿರುವಾಗ ಒಳಗಿನಿಂದ ಬೀಟಾ ಇನ್ನಷ್ಟು ಕಾಯಿಸಿದರೆ ಏನಾಗುತ್ತದೆ?

ಫೋನ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ನಿಧಾನವಾಗುತ್ತದೆ. ಪ್ರೊಸೆಸರ್ ವೇಗ ಇಳಿಸುತ್ತದೆ, ಪರದೆಯ ಬೆಳಕು ಇಳಿಸುತ್ತದೆ, ಚಾರ್ಜ್ ತಡೆಯುತ್ತದೆ. ಇದು ಬೀಟಾದ ದೋಷವಲ್ಲ, ಫೋನಿನ ಜಾಣತನ. ಬೇಸಿಗೆಯಲ್ಲಿ ಕೇಳುವ ದೂರುಗಳಲ್ಲಿ ಬಿಸಿಲಿನ ಪಾಲು ಯಾವುದು, ಬೀಟಾದ ಪಾಲು ಯಾವುದು ಎಂದು ಬೇರ್ಪಡಿಸದೆ ಬರೆದ ದೂರಿಗೆ ಬೆಲೆಯಿಲ್ಲ. ಬೇರ್ಪಡಿಸುವ ದಾರಿ ಸುಲಭ: ಮನೆಯೊಳಗೆ ಫ್ಯಾನ್ ಕೆಳಗೆ, ಕವರ್ ತೆಗೆದು, ಚಾರ್ಜರ್ ಕಿತ್ತು, ಅದೇ ಕೆಲಸ ಮತ್ತೆ ಮಾಡಿ ನೋಡಿ. ಅಲ್ಲೂ ಬಿಸಿಯಾದರೆ ಬೀಟಾ ತಪ್ಪಿತಸ್ಥ.

ಮಾಡಬಾರದ್ದು: ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ನಕಾಶೆ ಹಾಕಿಕೊಂಡು ದುಡಿಯುವವರು, ಸ್ವಿಗ್ಗಿ ಇರಲಿ ರ್‍ಯಾಪಿಡೊ ಇರಲಿ, ಬೀಟಾದ ಹತ್ತಿರ ಸುಳಿಯಬೇಡಿ. ಬಿಸಿಲು, ಪೂರ್ತಿ ಬೆಳಕಿನ ಪರದೆ, ಜಿಪಿಎಸ್, ಮೊಬೈಲ್ ಡೇಟಾ ಈ ನಾಲ್ಕೇ ಸಾಕು ಫೋನನ್ನು ದಣಿಸಲು.

ಬಿಸಿಯಾದ ಫೋನನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಒಳಗೆ ನೀರಿನ ಹನಿ ಕೂರುತ್ತದೆ. ಇದನ್ನೂ ಬರೆಯಬೇಕಾಗಿ ಬಂದದ್ದಕ್ಕೆ ಬೇಸರವಿದೆ.

ಮೊದಲ ಎರಡು ಮೂರು ದಿನ ತೀರ್ಪು ಕೊಡಬೇಡಿ

ಹೊಸ ಮನೆಗೆ ಬಂದ ಮೊದಲ ರಾತ್ರಿ ಯಾವ ಡಬ್ಬದಲ್ಲಿ ಉಪ್ಪಿದೆ ಎಂದು ಹುಡುಕುವಂಥದೇ ಸ್ಥಿತಿ ಫೋನಿನದೂ. ಅಪ್‌ಡೇಟ್ ಮುಗಿಯಿತು ಎಂದು ಪರದೆ ಹೇಳಿದರೂ ಒಳಗಿನ ಕೆಲಸ ಮುಗಿದಿರುವುದಿಲ್ಲ. ಆಂಡ್ರಾಯ್ಡ್ ನಿಮ್ಮ ಆಪ್‌ಗಳನ್ನೆಲ್ಲ ಹೊಸ ವ್ಯವಸ್ಥೆಗೆ ತಕ್ಕಂತೆ ಮತ್ತೆ ಸಿದ್ಧಪಡಿಸಬೇಕು. ಹಳೆಯದರ ಪಕ್ಕದಲ್ಲಿ ಇಳಿಸಿಟ್ಟ ಹೊಸ ಆವೃತ್ತಿಯನ್ನು ಒಂದುಗೂಡಿಸಬೇಕು. ಐಫೋನ್ ಫೋಟೊಗಳನ್ನೆಲ್ಲ ಮತ್ತೆ ನೋಡಿ ಮುಖ ಗುರುತಿಸಬೇಕು, ಹುಡುಕುವ ಸೂಚಿಯನ್ನು ಹೊಸದಾಗಿ ಕಟ್ಟಬೇಕು. ಇದರಲ್ಲಿ ಬಹುಪಾಲು ನಡೆಯುವುದು ಫೋನ್ ಚಾರ್ಜಿಗೆ ಹಾಕಿ, ಯಾರೂ ಮುಟ್ಟದೆ ಬಿಟ್ಟಾಗ. ರಾತ್ರಿ ಎರಡರವರೆಗೆ ರೀಲ್ಸ್ ನೋಡಿ ಬೆಳಗ್ಗೆ ಎದ್ದು ಇನ್ನೂ ಸ್ಲೋ ಇದೆ ಎಂದರೆ, ಕೆಲಸ ಮಾಡಲು ನೀವೇ ಬಿಟ್ಟಿಲ್ಲ. ಎರಡು ರಾತ್ರಿ ಪೂರ್ತಿ ಚಾರ್ಜಿಗೆ ಹಾಕಿ, ವೈಫೈ ಇಟ್ಟು, ಅದರಿಂದ ದೂರ ಮಲಗಿ.

ಮೂರನೆಯ ದಿನವೂ ಹಾಗೇ ಇದ್ದರೆ ಮೂರು ಕಾರಣಗಳನ್ನು ಪರೀಕ್ಷಿಸಿ, ಇದೇ ಕ್ರಮದಲ್ಲಿ.

ಫೋನ್ ಆಫ್ ಮಾಡಿ ಆನ್ ಮಾಡಿ. ಕೆಲವು ಗಂಟೆ ಚೆನ್ನಾಗಿದ್ದು, ಸಂಜೆಯ ಹೊತ್ತಿಗೆ ಮತ್ತೆ ತೆವಳತೊಡಗಿದರೆ, ಯಾವುದೋ ಭಾಗ ತಾನು ತೆಗೆದುಕೊಂಡ ಮೆಮೊರಿಯನ್ನು ಹಿಂದಿರುಗಿಸುತ್ತಿಲ್ಲ ಎಂದು ಅನುಮಾನಿಸಬಹುದು. ಬೀಟಾಗಳಲ್ಲಿ ಇದು ಮಾಮೂಲು. ದಿನಕ್ಕೊಮ್ಮೆ ರೀಸ್ಟಾರ್ಟ್ ಮಾಡಿಕೊಂಡು ಮುಂದಿನ ಬೀಟಾವರೆಗೆ ತಳ್ಳಬಹುದು.

ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟ ತೆಗೆದು ಯಾವ ಆಪ್ ಎಷ್ಟು ತಿಂದಿದೆ ನೋಡಿ. ಒಂದೇ ಆಪ್ ಪಟ್ಟಿಯ ತುದಿಯಲ್ಲಿ ಕೂತಿದ್ದರೆ ಅಪರಾಧಿ ಬೀಟಾ ಆಗಿರದೆ, ಹೊಸ ವ್ಯವಸ್ಥೆಗೆ ಇನ್ನೂ ಹೊಂದಿಕೊಳ್ಳದೆ ಬೀಳುತ್ತ ಏಳುತ್ತ ಇರುವ ಆ ಆಪ್ ಆಗಿರಬಹುದು. ಅದನ್ನು ಅಪ್‌ಡೇಟ್ ಮಾಡಿ, ಆಗದಿದ್ದರೆ ತೆಗೆದುಹಾಕಿ. ಆಂಡ್ರಾಯ್ಡ್‌ನಲ್ಲಿ ಸೇಫ್ ಮೋಡ್ ಇದೆ: ನೀವು ಹಾಕಿಕೊಂಡ ಆಪ್‌ಗಳೆಲ್ಲ ಸುಮ್ಮನಾಗಿ ಮೂಲದವು ಮಾತ್ರ ನಡೆಯುತ್ತವೆ. ಅದರಲ್ಲಿ ಫೋನ್ ಚುರುಕಾದರೆ ತಪ್ಪು ಎಲ್ಲಿದೆ ಎಂಬುದು ಸ್ಪಷ್ಟ.

ಸಿಗ್ನಲ್ ನೋಡಿ. ಬೀಟಾದ ಜೊತೆ ಮೋಡೆಮ್ಮಿನ ಸಾಫ್ಟ್‌ವೇರೂ ಬದಲಾಗಬಹುದು. ಹೈಟೆಕ್ ಸಿಟಿಯ ಕಟ್ಟಡಗಳ ನೆಲಮಾಳಿಗೆ ಪಾರ್ಕಿಂಗಿನಂಥ ಕಡೆ ಟವರ್ ಹುಡುಕುತ್ತ ಫೋನ್ ಬ್ಯಾಟರಿ ಸುಡುತ್ತದೆ. 5ಜಿ ತೆಗೆದು ಒಂದು ದಿನ 4ಜಿಯಲ್ಲಿಡಿ. ಬ್ಯಾಟರಿ ಉಳಿದರೆ ದೂರು ನೆಟ್‌ವರ್ಕ್ ವಿಭಾಗಕ್ಕೆ ಹೋಗಬೇಕು.

ಈ ಮೂರೂ ಅಲ್ಲವೆಂದರೆ ನಿಧಾನ ಬೀಟಾದ ಸ್ವಭಾವವೇ. ಬೀಟಾ ಮಾಡಿದ ಕೆಲಸಕ್ಕೆಲ್ಲ ದಾಖಲೆ ಬರೆಯುತ್ತ ಹೋಗುತ್ತದೆ, ಅಂತಿಮ ಆವೃತ್ತಿಯಲ್ಲಿ ಇರದ ಎಷ್ಟೋ ತಪಾಸಣೆಗಳನ್ನು ಅಲ್ಲಲ್ಲಿ ನಡೆಸುತ್ತದೆ. ಮೊದಲು ಸರಿಯಾಗಿ ನಡೆಯಲಿ, ವೇಗ ಆಮೇಲೆ ಎಂಬುದು ಸಾಫ್ಟ್‌ವೇರ್ ಕಟ್ಟುವವರ ಹಳೆಯ ಪದ್ಧತಿ. ಮೊದಲ ಬೀಟಾದ ವೇಗ ನೋಡಿ ಈ ವರ್ಷದ ಆಂಡ್ರಾಯ್ಡ್ ದಂಡ ಎನ್ನುವುದು ಅನ್ಯಾಯ.

ಹತ್ತಿರವೂ ಹೋಗಬಾರದವು

ಮೆಮೊರಿ ಕ್ಲೀನರ್, ಬೂಸ್ಟರ್, ಕೂಲರ್ ಎಂಬ ಹೆಸರಿನ ಆಪ್ ಹಾಕಬಾರದು. ಅವು ಮುಚ್ಚಿದ್ದನ್ನು ವ್ಯವಸ್ಥೆ ಮತ್ತೆ ತೆರೆಯುತ್ತದೆ, ಇವೆರಡರ ಜಗಳಕ್ಕೆ ಬ್ಯಾಟರಿ ನಿಮ್ಮದು. ಡೆವಲಪರ್ ಆಯ್ಕೆಗಳಲ್ಲಿ ಅನಿಮೇಶನ್ ಅರ್ಧಕ್ಕಿಳಿಸಿ ಫೋನ್ ವೇಗವಾಯಿತು ಎಂದು ಬೀಗಬಾರದು. ಬೀಟಾದಲ್ಲಿ ಬೆಂಚ್‌ಮಾರ್ಕ್ ಅಂಕ ತೆಗೆದು ಹಂಚಬಾರದು. ಬೇಯುತ್ತಿರುವ ಅನ್ನದ ರುಚಿ ಹೇಳುವ ಕೆಲಸ ಅದು. ಯಾರೋ ಕಳಿಸಿದ ಕೊಂಡಿಯಿಂದ ಪ್ರೊಫೈಲ್ ಅಥವಾ ಫೈಲ್ ಇಳಿಸಿ ಬೀಟಾ ಹಾಕಬಾರದು, ಕಂಪನಿ ಕೊಟ್ಟ ದಾರಿಯೊಂದೇ ದಾರಿ. ಕಂಪನಿಯ ಕಚೇರಿ ಮೇಲ್ ಇರುವ ಫೋನಿಗೆ, ಕಂಪನಿಯನ್ನು ಕೇಳದೆ ಹಾಕಬಾರದು. ಹಲವು ಕಂಪನಿಗಳ ಭದ್ರತಾ ವ್ಯವಸ್ಥೆ ಬೀಟಾ ಕಂಡೊಡನೆ ಮೇಲ್ ಬಾಗಿಲು ಮುಚ್ಚುತ್ತದೆ, ಅದೂ ನೀವು ರಾತ್ರಿ ಪಾಳಿಯಲ್ಲಿ ಆನ್‌ಕಾಲ್ ಇರುವಾಗಲೇ. ಕೈಗಡಿಯಾರಕ್ಕೆ, ಅಂದರೆ ಆಪಲ್ ವಾಚಿಗೆ, ಹಾಕಲೇಬಾರದು: ಅದನ್ನು ಹಿಂದಿನ ಆವೃತ್ತಿಗೆ ನೀವು ಮನೆಯಲ್ಲಿ ಇಳಿಸಲಾರಿರಿ.

ದುಡ್ಡಿನ ವಿಷಯ

ಬ್ಯಾಂಕ್ ಆಪ್ ಬೀಟಾದಲ್ಲಿ ತೆರೆಯದಿರಬಹುದು, ಇಂದು ತೆರೆದದ್ದು ಮುಂದಿನ ಬೀಟಾದಲ್ಲಿ ಕೈಕೊಡಬಹುದು. ಇದರ ಬಗ್ಗೆ ಬ್ಯಾಂಕಿನ ಶಾಖೆಗೆ ಹೋಗಿ ಕೂಗಾಡಬೇಡಿ. ಅವರು ನಿಮಗೆ ಬೀಟಾ ಹಾಕಿ ಎಂದಿರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಬೀಟಾದಿಂದ ಹೊರಬರುವಾಗ. ಫೋನ್ ಪೂರ್ತಿ ಅಳಿಸಿದ ಮೇಲೆ ಯುಪಿಐ ಆಪ್ ನಿಮ್ಮನ್ನು ಹೊಸಬರಂತೆ ನೋಡುತ್ತದೆ: ಸಿಮ್‌ನಿಂದ ಎಸ್ಸೆಮ್ಮೆಸ್ ಹೋಗಬೇಕು, ಮತ್ತೆ ನೋಂದಣಿಯಾಗಬೇಕು, ಮೊದಲ 24 ಗಂಟೆ ಸಾಮಾನ್ಯವಾಗಿ ₹5,000ಕ್ಕಿಂತ ಹೆಚ್ಚು ಕಳಿಸಲು ಬಿಡುವುದಿಲ್ಲ. ಹಾಗಾಗಿ ತಿಂಗಳ ಕೊನೆಗೂ ಮೊದಲ ವಾರಕ್ಕೂ ಫೋನ್ ಅಳಿಸುವ ಕೆಲಸ ಇಟ್ಟುಕೊಳ್ಳಬೇಡಿ. ಹಾಸ್ಟೆಲ್ ಮಾಲೀಕರಿಗೆ ಬೀಟಾ ಅರ್ಥವಾಗುವುದಿಲ್ಲ, ಬಾಡಿಗೆ ಮಾತ್ರ ಅರ್ಥವಾಗುತ್ತದೆ. ಪರ್ಸಿನಲ್ಲಿ ಐನೂರರ ಒಂದೆರಡು ನೋಟು, ಒಂದು ಡೆಬಿಟ್ ಕಾರ್ಡ್ ಸದಾ ಇರಲಿ.

ಬ್ಯಾಕಪ್: ಹಾಕುವ ಮೊದಲು, ಕಂಪ್ಯೂಟರಿಗೆ

ಐಫೋನಿನವರು ಇದನ್ನು ಎರಡು ಸಲ ಓದಿ. ಬೀಟಾ ಹಾಕಿದ ಮೇಲೆ ತೆಗೆದ ಬ್ಯಾಕಪ್ ಹಳೆಯ ಐಒಎಸ್‌ಗೆ ಸೇರುವುದಿಲ್ಲ. ಐಕ್ಲೌಡ್ ಬ್ಯಾಕಪ್ ಇದೆಯಲ್ಲ ಎಂದು ನೆಮ್ಮದಿಯಾಗಿರುವವರ ಹಳೆಯ ಬ್ಯಾಕಪ್ ಮೇಲೆ ಬೀಟಾದ್ದು ಬಂದು ಕೂತರೆ, ಹಿಂದಿರುಗುವ ದಾರಿ ಮುಚ್ಚಿದಂತೆ. ಆದ್ದರಿಂದ ಬೀಟಾ ಹಾಕುವ ಮೊದಲು ಲ್ಯಾಪ್‌ಟಾಪಿಗೆ ಬ್ಯಾಕಪ್ ತೆಗೆದು, ಅದನ್ನು ಆರ್ಕೈವ್ ಮಾಡಿ ಭದ್ರವಾಗಿಡಿ. ಪುಕ್ಕಟೆ ಐಕ್ಲೌಡ್ 5 ಜಿಬಿ, ಪುಕ್ಕಟೆ ಗೂಗಲ್ ಜಾಗ 15 ಜಿಬಿ. ಆಂಡ್ರಾಯ್ಡಿನ ವಾಟ್ಸಾಪ್ ಬ್ಯಾಕಪ್ಪೂ ಈಗ ಆ 15ರಲ್ಲೇ ಲೆಕ್ಕ. ಜಾಗ ತುಂಬಿ ಬ್ಯಾಕಪ್ ನಿಂತು ಎಷ್ಟು ತಿಂಗಳಾಯಿತು ಎಂದು ನೋಡಿದವರು ವಿರಳ. ಆಥೆಂಟಿಕೇಟರ್ ಸಂಕೇತಗಳು ಬೇರೆ ಫೋನಿನಲ್ಲೂ ಇವೆಯೇ ಖಚಿತಪಡಿಸಿಕೊಳ್ಳಿ. ಅವಿಲ್ಲದೆ ಬ್ಯಾಕಪ್ ಇದ್ದೂ ಖಾತೆಗೆ ಪ್ರವೇಶವಿಲ್ಲದ ಪರಿಸ್ಥಿತಿ ಬರುತ್ತದೆ.

ಕನ್ನಡ ಬರೆದು ನೋಡಿ

ಬೀಟಾ ಹಾಕಲು ನಾನು ಒಪ್ಪುವ ಕಾರಣ ಒಂದಿದ್ದರೆ ಇದು. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಅಕ್ಷರವಿದ್ದ ಸಂದೇಶ ಬಂದರೆ ಐಫೋನಿನ ಆಪ್‌ಗಳು ಕುಸಿದು ಬೀಳುತ್ತಿದ್ದವು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಆಗ ಬಳಕೆಯಲ್ಲಿದ್ದ ಐಒಎಸ್ 11.2.5 ಆ ಒಂದು ಅಕ್ಷರಕ್ಕೆ ಸೋತಿತ್ತು, ಪರೀಕ್ಷೆಯಲ್ಲಿದ್ದ 11.3 ಬೀಟಾಕ್ಕೆ ಮಾತ್ರ ಆ ಕಾಯಿಲೆ ಇರಲಿಲ್ಲ. ಫೆಬ್ರವರಿ 19ಕ್ಕೆ 11.2.6 ಬಂದು ಎಲ್ಲರಿಗೂ ಸರಿಹೋಯಿತು. ಕೋಟ್ಯಂತರ ಜನ ದಿನವೂ ಬಳಸುವ ಲಿಪಿಯೊಂದರ ಸಾಮಾನ್ಯ ಒತ್ತಕ್ಷರ, ಬಿಡುಗಡೆಯಾದ ಆವೃತ್ತಿಗೆ ಬರುವವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ. ನಮ್ಮ ಲಿಪಿಯ ಕಥೆಯೂ ಇದಕ್ಕಿಂತ ದೂರದ್ದಲ್ಲ. ಇಂಗ್ಲಿಷಿನಲ್ಲಿ ಅಕ್ಷರ ಅಕ್ಷರದ ಪಕ್ಕ ಕೂರುತ್ತದೆ. ಕನ್ನಡದಲ್ಲಿ ಕೆಳಗೆ ಇಳಿಯುತ್ತದೆ, ಬಲಕ್ಕೆ ಬಾಗುತ್ತದೆ, ಪ್ರತಿ ಒತ್ತಕ್ಷರಕ್ಕೂ ಫೋನ್ ಹೆಚ್ಚು ಲೆಕ್ಕ ಹಾಕಬೇಕು.

ಮಾಡಬೇಕಾದ್ದು: ಪರೀಕ್ಷೆಯ ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿ ಉದ್ದದ ಸಂದೇಶ ಬರೆಯಿರಿ. ಸ್ತ್ರೀ, ರಾಷ್ಟ್ರ, ವೈಶಿಷ್ಟ್ಯ, ಜ್ಞಾನೇಶ್ವರಿ, ಅರ್ಕಾವತ್ತು ಇರುವ ಪದಗಳು, ಎಲ್ಲ ಬರಲಿ. ಕೀಲಿ ಒತ್ತಿದ್ದಕ್ಕೂ ಅಕ್ಷರ ಮೂಡುವುದಕ್ಕೂ ನಡುವೆ ತಡವಿದೆಯೇ, ಅಳಿಸುವಾಗ ಒಂದು ಅಕ್ಷರ ಹೋಗುತ್ತದೋ ಅರ್ಧವೋ, ಕನ್ನಡ ಹೆಸರಿನಿಂದ ಹುಡುಕಿದರೆ ಫೋನ್ ಪುಸ್ತಕ ಎಷ್ಟು ಹೊತ್ತು ಯೋಚಿಸುತ್ತದೆ, ಕನ್ನಡ ಸುದ್ದಿ ಪುಟ ಕೆಳಗೆ ಎಳೆದರೆ ಎಡವುತ್ತದೆಯೇ, ನೋಡಿ. ಕ್ಯಾಮೆರಾ ಚೆನ್ನಾಗಿಲ್ಲ ಎನ್ನುವ ದೂರುಗಳು ಸಾವಿರಾರು ಹೋಗುತ್ತವೆ. ಕನ್ನಡದ ದೋಷವನ್ನು ನಾವೇ ಬರೆಯದಿದ್ದರೆ ಬೇರೆ ಯಾರು ಬರೆಯುತ್ತಾರೆ?

ದೂರು ಹೀಗೆ ಬರೆಯಿರಿ

'ಫೋನ್ ತುಂಬ ಸ್ಲೋ' ದೂರಲ್ಲ, ನಿಟ್ಟುಸಿರು. ದೂರು ಎಂದರೆ ಹೀಗಿರಬೇಕು: ಯಾವ ಮಾದರಿ, ಯಾವ ಬಿಲ್ಡ್ ಸಂಖ್ಯೆ, ಬೆಳಗ್ಗೆ 9.10ಕ್ಕೆ, ವಾಟ್ಸಾಪಿನಲ್ಲಿ ಕ್ಯೂಆರ್ ಚಿತ್ರ ತೆರೆದಾಗ ಎಂಟು ಸೆಕೆಂಡ್ ಕಪ್ಪು ಪರದೆ, ಐದು ಸಲದಲ್ಲಿ ಮೂರು ಸಲ, ರೀಸ್ಟಾರ್ಟ್ ಆದ ಮೇಲೂ. ಒಂದು ದೂರಿಗೆ ಒಂದೇ ದೋಷ. ಪರದೆಯ ವಿಡಿಯೊ ಜೊತೆಗಿರಲಿ.

ದೋಷ ಕಂಡ ಕೂಡಲೇ ದಾಖಲೆ ಹಿಡಿಯಿರಿ, ಸಂಜೆ ಮನೆಗೆ ಹೋಗಿ ಬರೆಯುತ್ತೇನೆ ಎನ್ನಬೇಡಿ. ಫೋನಿನ ಒಳಗಿನ ದಾಖಲೆ ಹಳೆಯದರ ಮೇಲೆ ಹೊಸತನ್ನು ಬರೆಯುತ್ತ ಹೋಗುತ್ತದೆ, ಸಂಜೆಗೆ ಬೆಳಗಿನದು ಇರುವುದಿಲ್ಲ. ಆಂಡ್ರಾಯ್ಡಿನಲ್ಲಿ ಬಿಲ್ಡ್ ಸಂಖ್ಯೆಯನ್ನು ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ, ಅದರಲ್ಲಿ ಬಗ್ ರಿಪೋರ್ಟ್ ಇದೆ. ಐಫೋನಿನಲ್ಲಿ ಎರಡೂ ವಾಲ್ಯೂಮ್ ಗುಂಡಿ ಮತ್ತು ಪಕ್ಕದ ಗುಂಡಿಯನ್ನು ಒಟ್ಟಿಗೆ ಒಂದು ಕ್ಷಣ ಒತ್ತಿ ಬಿಟ್ಟರೆ ದಾಖಲೆ ತಯಾರಾಗುತ್ತದೆ. ಸ್ಯಾಮ್‌ಸಂಗ್‌ನವರಿಗೆ ಸ್ಯಾಮ್‌ಸಂಗ್ ಮೆಂಬರ್ಸ್ ಆಪ್‌ನಲ್ಲೇ ದೂರಿನ ಜಾಗವಿದೆ.

ಆ ದಾಖಲೆಯ ಫೈಲನ್ನು ಗೆಳೆಯರ ಗುಂಪಿಗೆ ಹಾಕಬೇಡಿ. ಅದರಲ್ಲಿ ನಿಮ್ಮ ಆಪ್‌ಗಳ ಪಟ್ಟಿ, ನೆಟ್‌ವರ್ಕ್ ಹೆಸರು, ಖಾತೆಯ ಗುರುತುಗಳಂಥವು ಇರಬಹುದು. ಕಂಪನಿಯ ದೂರಿನ ದಾರಿಯಲ್ಲಿ ಮಾತ್ರ ಕಳಿಸಿ.

ಬೀಟಾ ಹಾಕಿಯೂ ಒಂದು ದೂರನ್ನೂ ಕಳಿಸದವರು ಬೀಟಾ ಬಿಟ್ಟುಬಿಡುವುದು ಒಳ್ಳೆಯದು.

ಊರಲ್ಲಿರುವವರ ಫೋನು

ಹಬ್ಬಕ್ಕೆ ಬೀದರಿಗೋ ಸೇಡಂಗೋ ಹೋದಾಗ ಅಪ್ಪನ ಫೋನಿಗೆ, ಕಾಕಾನ ಫೋನಿಗೆ ಬೀಟಾ ಹಾಕಿಕೊಟ್ಟು ಬರಬೇಡಿ. ಅವರಿಗೆ ಗೊತ್ತಾಗುವುದಿಲ್ಲ ಎಂದು ಅನ್ನಬೇಡಿ. ಅವ್ವನ ವಿಡಿಯೊ ಕಾಲ್ ಕತ್ತರಿಸಿ ಹೋದಾಗ, ಪಿಂಚಣಿ ಬಂದ ಎಸ್ಸೆಮ್ಮೆಸ್ ತೋರದಾಗ ಗೊತ್ತಾಗುತ್ತದೆ, ನೀವಾಗ ಗಚ್ಚಿಬೌಲಿಯಲ್ಲಿ ಮೀಟಿಂಗಿನಲ್ಲಿರುತ್ತೀರಿ.

ಕೆಟ್ಟು ನಿಂತರೆ

ಅಬಿಡ್ಸ್‌ನ ಜಗದೀಶ್ ಮಾರ್ಕೆಟ್ಟಿನ ಹುಡುಗರು ಪರದೆ, ಬ್ಯಾಟರಿ, ಚಾರ್ಜಿಂಗ್ ಜಾಗ ಬದಲಿಸುವುದರಲ್ಲಿ ಕೈ ಪಳಗಿದವರು. ಬೀಟಾ ಫೋನನ್ನು ಹಳೆಯ ಆವೃತ್ತಿಗೆ ಇಳಿಸಿಕೊಡಿ ಎಂದು ಯಾವ ಬೀದಿ ಅಂಗಡಿಯಲ್ಲೂ ಕೇಳಬೇಡಿ. ಕೆಲವು ಫೋನುಗಳು ಹಿಂದೆ ಹೋಗಲು ಬಿಡುವುದೇ ಇಲ್ಲ: 2022ರ ಆಗಸ್ಟಿನಲ್ಲಿ ಪಿಕ್ಸೆಲ್ 6 ಸಾಲಿನ ಫೋನಿಗೆ ಆಂಡ್ರಾಯ್ಡ್ 13 ಬಂದಾಗ ಫೋನನ್ನು ಎಬ್ಬಿಸುವ ಬೂಟ್‌ಲೋಡರಿಗೆ ಅಂಥ ಬೀಗ ಹಾಕಲಾಯಿತು, ಆಮೇಲೆ 12ಕ್ಕೆ ಇಳಿಸುವಂತಿರಲಿಲ್ಲ. ಬಲವಂತ ಮಾಡಿದರೆ ಫೋನ್ ಏಳದೆ ಹೋಗಬಹುದು. ಕಂಪನಿಯ ಅಧಿಕೃತ ಸೇವಾ ಕೇಂದ್ರಕ್ಕೇ ಹೋಗಿ. ಪಬ್ಲಿಕ್ ಬೀಟಾ ಹಾಕಿದ್ದರಿಂದ ಯಂತ್ರಾಂಶದ ವಾರಂಟಿ ಹೋಗುವುದಿಲ್ಲ ಎಂದು ಆಪಲ್ ತಾನೇ ಹೇಳಿದೆ, ಹೆದರಿ ಸುಳ್ಳು ಹೇಳಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರೂ ಅಪ್‌ಡೇಟ್ ಪುಟ ತೆಗೆದು ಬೀಟಾ ಇದೆಯೇ ನೋಡಿಕೊಂಡೇ ದುಡ್ಡು ಎಣಿಸಿ.

ಹೊರಬರುವ ವಾರ

ನೋವಿಲ್ಲದೆ ಹೊರಬರುವ ಬಾಗಿಲು ತೆರೆಯುವುದು ವರ್ಷಕ್ಕೆ ಕೆಲವೇ ಸಲ. ಅಂತಿಮ ಆವೃತ್ತಿ ಬಂದಾಗ ಬೀಟಾದವರಿಗೂ ಅದೇ ಬರುತ್ತದೆ. ಅದನ್ನು ಹಾಕಿಕೊಂಡು, ಮುಂದಿನ ಬೀಟಾ ಮುಟ್ಟುವ ಮೊದಲೇ ಹೆಸರು ತೆಗೆಸಿದರೆ ಏನೂ ಅಳಿಯುವುದಿಲ್ಲ. ಬೀಟಾ ನಡೆಯುತ್ತಿರುವಾಗಲೇ ಹೊರಬಂದರೆ ಪಿಕ್ಸೆಲ್ ಫೋನಿನಲ್ಲಿ ಇರುವುದೆಲ್ಲ ಅಳಿಯುತ್ತದೆ. ಸ್ಯಾಮ್‌ಸಂಗ್, ಒನ್‌ಪ್ಲಸ್ ಬೀಟಾದಿಂದ ಹಳೆಯದಕ್ಕೆ ಇಳಿಸಿದರೂ ಅದೇ ಗತಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಹೋಗಿ ಬೀಟಾ ಅಪ್‌ಡೇಟ್ಸ್ ಆಫ್ ಮಾಡಿ ಅಂತಿಮ ಆವೃತ್ತಿಗೆ ಕಾಯಿರಿ. ಐಒಎಸ್ 26 ಜೂನ್ 9ಕ್ಕೆ ಬೀಟಾ ಆಗಿ ಬಂದು, 2025ರ ಸೆಪ್ಟೆಂಬರ್ 15ಕ್ಕೆ ಅಂತಿಮವಾಗಿ ಸಿಕ್ಕಿತು, ಕಾಯುವುದು ಎಷ್ಟೆಂದು ಅಂದಾಜಿಗೆ ಅದು ಸಾಕು. ಪಿಕ್ಸೆಲ್‌ನವರು ಅಂತಿಮ ಆವೃತ್ತಿ ಬಂದ ವಾರ ಮೈಮರೆತರೆ ಮೂರು ತಿಂಗಳಿಗೊಮ್ಮೆ ಬರುವ ಅಪ್‌ಡೇಟಿನ ಬೀಟಾ ಕೇಳದೆಯೇ ಬಂದು ನಿಲ್ಲುತ್ತದೆ, ಅದನ್ನು ಹಾಕಿದಿರೋ, ಬಾಗಿಲು ಮತ್ತೆ ಮುಚ್ಚಿತು. ಅಂತಿಮ ಆವೃತ್ತಿಯ ದಿನಾಂಕ ಘೋಷಣೆಯಾದ ಕೂಡಲೇ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ, ಗೋಡೆಯ ಮೇಲಿನ ಕಾಗದದ ಕ್ಯಾಲೆಂಡರಿನಲ್ಲಿ. ಬೀಟಾ ಫೋನಿನ ರಿಮೈಂಡರ್ ನಂಬಬೇಡಿ.